ನೀರು ಹೊಡೆದ ನೆಲ

"ಯಾವ ಬೋಲ್ಟು ಯಾವ ತೂತಿಗೆ ಅಂತ ಗೊತ್ತಾಗ್ಲಿ ಅಂತ ಈ ಮನುಷ್ಯನಿಗೆ ನಾವು ಬಣ್ಣ ಬಳಿದು ಕೊಡ್ತೀವಿ. ಕೆಂಪು ಬೋಲ್ಟು ಕೆಂಪು ತೂತಿಗೆ, ಹಳದಿ ಬೋಲ್ಟು ಹಳದಿ ತೂತಿಗೆ. ಅಂಗನವಾಡಿ ಮಕ್ಕಳ ಆಟ. ಇಂಥವನು ಇವತ್ತು ಎದ್ದು ನಿಂತು ಪ್ರತಿನೆಲಕ್ಕೆ ಪಾಠ ಹೇಳ್ತಿದ್ದಾನೆ! ಎಲ್ಲರೂ ಒಂದ್ಸಲ ಚಪ್ಪಾಳೆ ತಟ್ಟಿಬಿಡಿ, ಪಾಪ."

ಮುಖ್ಯ ಎಂಜಿನಿಯರ್ ಚಿರಂತನ್ ಇಷ್ಟನ್ನೂ ಮೈಕಿನಲ್ಲಿ ಹೇಳಿದ. ನವಿಲುಗುಡ್ಡದ ದೊಡ್ಡ ಶೆಡ್ಡಿನಲ್ಲಿ ರೇಸಿನ ಹನ್ನೆರಡು ತಂಡಗಳ ಜನ ಕೂತಿದ್ದರು. ಮುಂದಿನ ಸಾಲಿನಲ್ಲಿ ಜಾಹೀರಾತು ಕೊಟ್ಟ ಕಂಪನಿಯವರು, ಗೋಡೆಗೆ ಒರಗಿ ಟೀವಿಯವರು. ಚಪ್ಪಾಳೆ ಬಿತ್ತು.

ಬೈಗುಳ ಜಂಬಯ್ಯನಿಗೆ ಹೊಸದಲ್ಲ. ಎಂಟನೇ ಇಯತ್ತೆಯ ಅರ್ಧಕ್ಕೆ ಶಾಲೆ ಬಿಟ್ಟು ಹೊಸಪೇಟೆಯ ಲಾರಿ ಗ್ಯಾರೇಜಿಗೆ ಸೇರಿದವನು ಅವನು. ಒಂಬತ್ತು ವರ್ಷ ಅಲ್ಲಿ ತಿಂದ ಬೈಗುಳಕ್ಕೆ ಹೋಲಿಸಿದರೆ ಇದು ಎಷ್ಟರದು? ಆದರೆ ತಟ್ಟಿದ ಕೈಗಳಲ್ಲಿ ಗ್ರೀಸು ಮೆತ್ತಿದ ಕೈಗಳೂ ಇದ್ದವು. ಪಕ್ಕದ ತಂಡದ ಮೆಕ್ಯಾನಿಕ್‌ಗಳು, ಮಧ್ಯಾಹ್ನ ಅವನ ಜೊತೆ ಒಂದೇ ಬೀಡಿ ಎಳೆದವರು, ಹಲ್ಲು ಬಿಟ್ಟುಕೊಂಡು ತಟ್ಟುತ್ತಿದ್ದರು. ಅವನ ಕಿವಿಯ ತನಕ ಉರಿ ಹತ್ತಿತು.

ಅವನು ಎದ್ದು ನಿಂತು ಹೇಳಿದ್ದು ಒಂದೇ ಮಾತು. "ಸರ್, ಈ ಜೋಡಣಿ ಹಿಟ್ಟಿನ ಕೊಳ್ಳದಾಗ ನಿಲ್ಲಂಗಿಲ್ಲ."

ಪ್ರತಿನೆಲ ಎಂದರೆ ನೆಲದ ನಕಲು. ಗಣಿ ಮುಚ್ಚಿ ಇಪ್ಪತ್ತು ವರ್ಷವಾದ ಮೇಲೆ ಆ ಕೆಂಪು ಗುಂಡಿಗಳಲ್ಲಿ ರೇಸು ಶುರುವಾಯಿತು. ಮೂರನೇ ವರ್ಷ ಒಂದು ಗಾಡಿ ಉರುಳಿ ನೋಡುವವರ ಮೇಲೆ ಬಿದ್ದು ಆರು ಜನ ಸತ್ತರು. ಆಗ ಸರ್ಕಾರ ಒಂದು ಕಾನೂನು ತಂದಿತು. ಎಂಬತ್ತು ಕಿಲೋಮೀಟರಿನ ದಾರಿಯನ್ನು ಕಲ್ಲು ಕಲ್ಲಾಗಿ ಅಳೆದು, ಅದರ ನಕಲನ್ನು ಯಂತ್ರದೊಳಗೆ ಕಟ್ಟಬೇಕು. ಆ ನಕಲಿನ ಮೇಲೆ ಪ್ರತಿ ಗಾಡಿಯನ್ನೂ ಎರಡು ಲಕ್ಷ ಸಲ ಓಡಿಸಿ ನೋಡಬೇಕು. ಯಂತ್ರ ಪಾಸು ಮಾಡದ ಗಾಡಿ ನಿಜದ ನೆಲಕ್ಕೆ ಇಳಿಯಕೂಡದು. ಒಳ್ಳೆಯ ಕಾನೂನೇ, ಯಾರು ಇಲ್ಲವೆಂದರು? ಆದರೆ ವರ್ಷ ಉರುಳಿದಂತೆ ಪಾಸು ಮಾಡುವ ಯಂತ್ರವೇ ಗಾಡಿಯನ್ನೂ ರೂಪಿಸತೊಡಗಿತು. ಎಲ್ಲ ತಂಡಗಳಿಗೂ ಅದು ತನ್ನ ಲೆಕ್ಕದ ಅತ್ಯುತ್ತಮವನ್ನೇ ಕೊಡುವುದರಿಂದ, ಈಗ ಹನ್ನೆರಡು ತಂಡಕ್ಕೆ ಹನ್ನೆರಡು ಬಣ್ಣ, ಒಳಗೆ ಒಂದೇ ಎಲುಬುಗೂಡು. ಮೆಕ್ಯಾನಿಕ್‌ನ ಕೈಯಲ್ಲಿದ್ದ, ಬೋಲ್ಟು ತಿರುಗಿಸುವ ಪಾನಾಕ್ಕೂ ಬುದ್ಧಿ ಇಟ್ಟರು. ಯಂತ್ರದ ಅಪ್ಪಣೆ ಇಲ್ಲದ ಬೋಲ್ಟಿಗೆ ಹಾಕಿದರೆ ಪಾನಾದ ಬಾಯಿ ಸುಮ್ಮನೆ ಗಿರಗಿರ ತಿರುಗುತ್ತದೆ, ಬೋಲ್ಟು ಅಲುಗುವುದಿಲ್ಲ. ಕಬ್ಬಿಣವೂ ಮನುಷ್ಯನ ಮಾತು ಕೇಳದ ಕಾಲ ಬಂತು.

ಈ ಸಲ ಯಂತ್ರ ಆರಿಸಿದ್ದು ಬಿಡಿತೋಳು, ಅದರ ಜೊತೆಗೆ ನಾಲ್ಕೂ ಗಾಲಿಗೆ ಎಂಜಿನ್ನಿನ ಎಳೆತ. ಬಿಡಿತೋಳು ಅಂದರೆ ಮುಂದಿನ ಎರಡು ಗಾಲಿಗೂ ಬೇರೆ ಬೇರೆ ತೋಳು. ಒಂದು ಗಾಲಿ ಗುಂಡಿಗೆ ಇಳಿದರೆ ಇನ್ನೊಂದಕ್ಕೆ ಅದರ ಗೊಡವೆ ಇಲ್ಲ. ಹಗುರ, ಉಬ್ಬುತಗ್ಗಿನ ಮೇಲೆ ಹಕ್ಕಿಯ ಹಾಗೆ ಓಡುತ್ತದೆ. ಇನ್ನೊಂದು ಬಗೆಗೆ ಗ್ಯಾರೇಜಿನವರು ನೊಗದಚ್ಚು ಎನ್ನುತ್ತಾರೆ. ಒಂದೇ ಉಕ್ಕಿನ ತೊಲೆ, ಎರಡು ತುದಿಗೆ ಎರಡು ಗಾಲಿ, ನೊಗಕ್ಕೆ ಎರಡು ಎತ್ತು ಕಟ್ಟಿದ ಹಾಗೆ. ಭಾರ, ಒರಟು, ವೇಗಕ್ಕೆ ಹೊಂದುವುದಿಲ್ಲ. ಆದರೆ ಮುರಿಯುವುದಿಲ್ಲ.

"ಸರ್, ನಾನು ಬಿಡಿತೋಳು ಕೆಟ್ಟದ್ದು ಅಂತ ಅನ್ನಂಗಿಲ್ಲ," ಎಂದು ಜಂಬಯ್ಯ ಚಪ್ಪಾಳೆಯ ನಡುವೆಯೇ ಕೂಗಿದ. "ಗಾಲಿ ಜೋತು ಬಿದ್ದಾಗ ಅದಕ್ಕ ಎಳೆತ ಒಯ್ಯೋ ಕಡ್ಡಿಯ ಗೆಣ್ಣು ಹಿಂಗ ಬಗ್ಗತೈತಿ." ಮೊಣಕೈ ಮಡಚಿ ತೋರಿಸಿದ. "ಬಗ್ಗಿದ ಗೆಣ್ಣಿಗೆ ಎಂಜಿನ್ನು ಪೂರಾ ಜೋರು ಕೊಟ್ರ ಅದು ಉಳಿತೈತೇನು? ಬಿಡಿತೋಳು ಬೇಕಂದ್ರ ಮುಂದಿನ ಎಳೆತ ಬಿಡ್ರಿ. ಮುಂದಿನ ಎಳೆತ ಬೇಕಂದ್ರ ನೊಗದಚ್ಚು ಹಾಕ್ರಿ, ಅದರಾಗ ಕಡ್ಡಿ ತೊಲಿ ಒಳಗ ನೆಟ್ಟಗ ಇರತೈತಿ. ಎರಡರಾಗ ಒಂದು ಆರಿಸ್ರಿ!"

"ಎರಡು ಲಕ್ಷ ಓಟದಲ್ಲಿ ಆ ಗೆಣ್ಣು ಹದಿನಾಲ್ಕು ಡಿಗ್ರಿ ದಾಟಿಲ್ಲ ಕಣಯ್ಯಾ. ನಿನ್ನ ಲೆಕ್ಕ ಎಷ್ಟು?"

"ಲೆಕ್ಕ ಅಲ್ರೀ, ನಾನು ಆ ಕೊಳ್ಳದಾಗ ಲಾರಿ ರಿಪೇರಿ ಮಾಡೀನಿ."

"ಹಾಗಾದ್ರೆ ಹೋಗಿ ಲಾರಿನೇ ರಿಪೇರಿ ಮಾಡು."

ಇನ್ನೊಂದು ನಗೆ. ಜಂಬಯ್ಯ ಕೂತ. ಆರನೇ ನಂಬರಿನ ಹಳದಿ ಗಾಡಿ ಅವನ ಪಾಲಿನದು. ಭಾನುವಾರ ಅದನ್ನು ಓಡಿಸುವವಳು ಅವನ ಅಕ್ಕ ಹುಲಿಗೆಮ್ಮ. ಗೆಣ್ಣು ಮುರಿದರೆ ಆ ಉಕ್ಕಿನ ಕಡ್ಡಿ ಚಾಟಿಯ ಹಾಗೆ ಬೀಸುತ್ತದೆ. ಅದರ ದಾರಿಯಲ್ಲಿ ಮೊದಲು ಸಿಗುವುದು ಬ್ರೇಕಿನ ಕೊಳವೆ, ಆಮೇಲೆ ತೆಳ್ಳನೆಯ ತಗಡು, ಆಮೇಲೆ ಅಕ್ಕನ ಪಾದ.

•

ಹುಲಿಗೆಮ್ಮ ಮೊದಲು ಕ್ರಷರಿನಲ್ಲಿ ಟಿಪ್ಪರ್ ಓಡಿಸುತ್ತಿದ್ದಳು. ಮೂರು ವರ್ಷದ ಹಿಂದೆ ಯಂತ್ರ ಅವಳನ್ನು ಆರಿಸಿತು. ನಲವತ್ತೊಂಬತ್ತು ಕಿಲೋ ತೂಕ, ಗುಂಡಿ ಕಂಡರೂ ಆಕ್ಸಿಲರೇಟರಿನಿಂದ ಕಾಲು ತೆಗೆಯದ ಗುಣ. ಈಗ ಅವಳ ಊಟವನ್ನೂ ಯಂತ್ರವೇ ತೂಗಿ ಹೇಳುತ್ತದೆ. ಆ ಸಂಜೆ ಗಂಡನಿಗೂ ತಮ್ಮನಿಗೂ ಬಿಸಿ ರೊಟ್ಟಿ ಬಡಿದು ಹಾಕಿ, ತಾನು ಸೌತೆಕಾಯಿ ಕಡಿಯುತ್ತ ಕೂತಿದ್ದಳು.

"ಚಪ್ಪಾಳಿ ತಟ್ಟಿಸಿಕೊಂಡಿಯಂತಲ್ಲ ಇವತ್ತು?"

"ಯಾರು ಹೇಳಿದ್ರು?"

"ಟೀವಿ ಹೇಳ್ತು. ನಿನ್ನ ಮಾರಿ ಚಂದ ಬಂದಿತ್ತು ಬಿಡು, ಟೊಮ್ಯಾಟೊ ಹಣ್ಣು ಆಗಿತ್ತು."

ಗಂಡ ಗಾದಿಲಿಂಗ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ನಕ್ಕ. ಅವನು ನವಿಲುಗುಡ್ಡದ ನೀರಿನ ಟ್ಯಾಂಕರ್ ಓಡಿಸುವವನು, ಯಾರ ಜಗಳಕ್ಕೂ ಹೋಗದ ಸಾಧು ಮನುಷ್ಯ. ಅವನ ಸಾಧುತನ ಜಂಬಯ್ಯನಿಗೆ ಎಷ್ಟೋ ಸಲ ಹಲ್ಲು ಕಡಿಯುವ ಹಾಗೆ ಮಾಡುತ್ತಿತ್ತು.

"ನಗಬ್ಯಾಡ ಮಾವ. ಆ ಕೊಳ್ಳ ಬೂದಿ ಐತಿ ಬೂದಿ. ಮೇಲೆ ಹಿಟ್ಟು, ಕೆಳಗ ಮದ್ದು ಹಾಕಿ ಒಡದ ಬಂಡಿಗಲ್ಲು. ಗಾಲಿ ಸೊಂಟದ ತನ ಇಳಿತೈತಿ. ಅವರ ಯಂತ್ರದಾಗ ಹದಿನಾಲ್ಕು ಡಿಗ್ರಿ ಹೆಂಗ ಬಂತು? ಅದಾ ನನಗ ತಿಳಿವಲ್ದು."

"ಹೇ, ಎಲ್ಲಿಲೇ ಸೊಂಟದ ತನ," ಎಂದ ಗಾದಿಲಿಂಗ. "ಸರ್ವೇಕ್ಕ ಬಂದಾಗ ನಾ ಅಲ್ಲೇ ಇದ್ದೆ. ಆ ಅಳಿಯೋ ಗಾಡಿ ಕೊಳ್ಳದಾಗ ಇಳಿದ್ರ ಒಂದು ಗೇಣು ಸೈತ ಕುಸೀಲಿಲ್ಲ. ಸಿಮೆಂಟ್ ಹಂಗ ಕುಂತಿತ್ತು ನೆಲ."

"ಬ್ಯಾಸಗಿಯಾಗ? ಆ ಕೊಳ್ಳ?"

"ಹಂಗ ಕುಂದ್ರಸಿದ್ನಲೋ ನಾನು! ಒಂಬತ್ತು ದಿನ, ದಿನಾ ಮುಂಜಾನಿ ನಾಲ್ಕು ಟ್ಯಾಂಕರ್ ಹೊಡದೀನಿ. ಸಾಹೇಬ್ರ ಬೂಟಿಗೆ ಒಂದು ಚೂರು ಧೂಳು ಹತ್ತಿಲ್ಲ. 'ಭೇಷ್ ಗಾದಿಲಿಂಗ' ಅಂತ ಚಿರಂತನ್ ಸರ್ ಬೆನ್ನು ತಟ್ಟಿದ್ರು."

ಜಂಬಯ್ಯನ ಕೈಯ ತುತ್ತು ಕೈಯಲ್ಲೇ ಉಳಿಯಿತು.

ಗಣಿ ನಾಡಿನಲ್ಲಿ ಇದೊಂದು ರೂಢಿ. ಲಾರಿಗಳ ಕಾಲದಿಂದ ಬಂದದ್ದು. ದೊಡ್ಡವರ ಕಾರು ಬರುತ್ತದೆ ಎಂದರೆ ಮುಂಚೆ ಟ್ಯಾಂಕರ್ ಹೋಗಬೇಕು, ದಾರಿಗೆ ನೀರು ಹೊಡೆಯಬೇಕು. ಮಂತ್ರಿ ಬರಲಿ, ಕಲೆಕ್ಟರ್ ಬರಲಿ, ಧೂಳು ಅಳೆಯುವ ಅಧಿಕಾರಿಯೇ ಬರಲಿ, ನೀರು ಹೊಡೆದೇ ಅವರನ್ನು ಬರಮಾಡಿಕೊಳ್ಳುವುದು. ಅದನ್ನು ಯಾರೂ ಮೋಸ ಎಂದುಕೊಂಡವರಲ್ಲ. ನೆಂಟರು ಬರುವ ಮೊದಲು ಅಂಗಳಕ್ಕೆ ಚಳೆ ಹೊಡೆದ ಹಾಗೆ ಅದು ಒಂದು ಮರ್ಯಾದೆ. ಅಂಥ ಮರ್ಯಾದೆಯನ್ನೇ ಈ ಸಲ ನೆಲ ಅಳೆಯುವ ಯಂತ್ರಕ್ಕೂ ಮಾಡಿದ್ದರು. ಯಂತ್ರ ತನ್ನ ಕಣ್ಣಿಗೆ ಕಂಡದ್ದನ್ನು ನಂಬಿತು. ಅದು ಎರಡು ಲಕ್ಷ ಸಲ ಓಡಿದ್ದು ಗಾದಿಲಿಂಗನ ನೀರಿನ ಮೇಲೆ.

"ಮಾವ," ಎಂದ ಜಂಬಯ್ಯ. ಅವನ ದನಿ ಸಣ್ಣಗಾಗಿತ್ತು. "ಭಾನುವಾರ ನೀರು ಹೊಡಿತಿ ಏನು?"

"ಇಲ್ಲ. ಈ ವಾರ ಪೂರಾ ಹನಿ ನೀರು ಬಿಡಬಾರದು ಅಂದಾರ. ಧೂಳು ಏಳಲಿಲ್ಲಂದ್ರ ಟೀವಿಯಾಗ ರೇಸು ಅನ್ನಸಂಗಿಲ್ಲಂತ."

ಜಂಬಯ್ಯ ತಟ್ಟೆ ದೂಡಿ ಎದ್ದ. "ನಿನ್ನ ಹೆಂಡ್ತಿನ್ನ ನೀನಾ ಕೊಲ್ಲಾಕತ್ತಿ, ಭೇಷ್ ಗಾದಿಲಿಂಗ!"

"ಏ ಜಂಬ್ಯಾ! ನಾಲಿಗಿ!" ಹುಲಿಗೆಮ್ಮ ಗದರಿದಳು.

"ಹೇಳ್ದಂಗ ಮಾಡೀನಿ ನಾನು," ಎಂದ ಗಾದಿಲಿಂಗ, ಮುಖ ಸಪ್ಪಗಾಗಿ. "ಫೋನ್ ಮಾಡಿ ಹೇಳಿದ್ರು. ಕ್ಯಾಮೆರಾಕ್ಕ ಧೂಳು ಕುಂತ್ರ ಕೆಡತೈತಿ, ನೀರು ಹೊಡಿ ಅಂದ್ರು. ಹೊಡದೆ."

"ಯಾರು ಹೇಳಿದ್ರು?"

"ಚಿರಂತನ್ ಸರ್ ತಾವಾ."

"ಕಾಗದ ಐತಿ?"

"ನೀರು ಹೊಡಿಯಾಕ ಯಾರರ ಕಾಗದ ಕೊಡ್ತಾರೇನಲೇ?"

•

ನಿಯಂತ್ರಣ ಕೊಠಡಿ ಗುಡ್ಡದ ನೆತ್ತಿಯ ಮೇಲಿದೆ. ಒಳಗೆ ಎಸಿಯ ಚಳಿ, ಹೊರಗಿನ ಕೆಂಪು ಯಾವುದೂ ಒಳಗೆ ಬರದಂತೆ ಎರಡು ಬಾಗಿಲು. ಪರದೆಯ ಮುಂದೆ ಕೂರುವ ನಜ್ಮಾ ಹೊಸಪೇಟೆಯ ಚಪ್ಪರದಹಳ್ಳಿಯ ಹುಡುಗಿ, ಜಂಬಯ್ಯನ ಜೊತೆ ಏಳನೆಯವರೆಗೆ ಒಂದೇ ಶಾಲೆ. ಅವಳು ಮುಂದೆ ಓದಿದಳು. ಶುಕ್ರವಾರ ಬೆಳಿಗ್ಗೆ ಅವನು ಹೊರಗಿನ ಬಾಗಿಲು ಬಡಿದಾಗ ಅವಳು ಒಬ್ಬಳೇ ಇದ್ದಳು.

"ಚಪ್ಪಲಿ ಅಲ್ಲೇ ಬಿಡು, ಕಾರ್ಪೆಟ್ ಕೆಂಪಾದ್ರ ನನ್ನ ಬೈತಾರ. ಏನ್ ಬೇಕು?"

ಅವನು ಹೇಳಿದ. ಹೇಳುತ್ತ ಹೇಳುತ್ತ ದನಿ ಏರಿತು. ನಜ್ಮಾ ಕೈ ತೋರಿಸಿ ಸುಮ್ಮನಾಗಿಸಿದಳು. ಆಮೇಲೆ ಪರದೆಯ ಮೂಲೆಯಲ್ಲಿ ಒಂದು ಸಂಖ್ಯೆ ತೋರಿಸಿದಳು. ಕೊಳ್ಳದ ಮಣ್ಣಿನ ತೇವ: ನೂರಕ್ಕೆ ಹನ್ನೊಂದು.

"ಮೇ ತಿಂಗಳದಾಗ ಹನ್ನೊಂದು," ಎಂದಳು ತನಗೆ ತಾನೇ. "ಹೆಂಗ ಯಾರೂ ನೋಡಲಿಲ್ಲ ಇದನ್ನ? ನಾನಾ ನೋಡಲಿಲ್ಲಲ್ಲ."

"ಒಂದಕ್ಕ ಇಳಿಸು. ಓಡಿಸು."

"ಅಪ್ಪಣಿ ಇಲ್ದ ಓಡಿಸಬಾರದು."

"ನಿನ್ನ ಪರದಿಗೂ ನನ್ನ ಪಾನಾದ್ದಾ ರೋಗ ಏನು?"

ಅವಳು ಕುರ್ಚಿ ಎಳೆದುಕೊಂಡಳು. ಸಾವಿರ ಓಟಕ್ಕೆ ಹಚ್ಚಿದಳು. ಪರದೆಯ ಮೇಲೆ ಸಣ್ಣ ಸಣ್ಣ ಗಾಡಿಗಳು ಇರುವೆಗಳ ಹಾಗೆ ಕೊಳ್ಳಕ್ಕೆ ಇಳಿದವು. ಮೊದಲು ಒಂದು ನಿಂತಿತು. ಆಮೇಲೆ ಹತ್ತು. ಆಮೇಲೆ ಎಣಿಸುವುದನ್ನು ಇಬ್ಬರೂ ಬಿಟ್ಟರು. ಕೊನೆಗೆ ಯಂತ್ರವೇ ಲೆಕ್ಕ ಒಪ್ಪಿಸಿತು. ಸಾವಿರದಲ್ಲಿ ಆರುನೂರ ಎಪ್ಪತ್ತು ಗಾಡಿಗಳಲ್ಲಿ ಮುಂದಿನ ಗೆಣ್ಣು ಮುರಿದಿತ್ತು. ಬಾಗಿದ್ದು ಮೂವತ್ತೊಂದು ಡಿಗ್ರಿ.

"ಮುಂದಿನ ಎಳೆತ ತೆಗದು ಓಡಿಸು."

ಮುರಿದದ್ದು ಸೊನ್ನೆ. ಮುನ್ನೂರು ಗಾಡಿ ಹಿಟ್ಟಿನಲ್ಲಿ ಹೂತು ನಿಂತವು, ಉಳಿದವು ಕುಂಟುತ್ತ ದಾಟಿದವು. ಜಂಬಯ್ಯ ಹಿಗ್ಗಬೇಕಿತ್ತು. ಅವನ ಕಣ್ಣು ಮೊದಲಿನ ಆರುನೂರ ಎಪ್ಪತ್ತರ ಮೇಲೇ ಇತ್ತು.

ಹಿಂದೆ ಬಾಗಿಲು ಸರಿಯಿತು. ಚಿರಂತನ್ ಕಾಫಿ ಲೋಟ ಹಿಡಿದು ನಿಂತಿದ್ದ. ಅವನ ಕಣ್ಣು ಮೊದಲು ಕಾರ್ಪೆಟ್ ಮೇಲಿನ ಬರಿಗಾಲಿಗೆ ಹೋಯಿತು, ಆಮೇಲೆ ಪರದೆಗೆ. ಅವನು ದಡ್ಡನಲ್ಲ. ಎರಡು ಉಸಿರಿನಲ್ಲಿ ಅವನಿಗೆ ಎಲ್ಲ ಅರ್ಥವಾಯಿತು ಎಂಬುದು ಜಂಬಯ್ಯನಿಗೆ ಗೊತ್ತಾಯಿತು. ಲೋಟ ಹಿಡಿದ ಕೈ ಸ್ವಲ್ಪ ಕೆಳಗಿಳಿದದ್ದನ್ನು ಅವನು ನೋಡಿದ.

"ಅದನ್ನ ಅಳಿಸಿ, ನಜ್ಮಾ."

"ಸರ್, ತೇವದ ಅಂಕಿ ತಪ್ಪೈತಿ. ಸರ್ವೇ ದಿನ ನೀರು—"

"ನೆಲಕ್ಕೆ ಸರ್ಕಾರದ ಸಹಿ ಆಗಿದೆ. ಸಹಿ ಆದ ನೆಲವನ್ನ ತಿದ್ದೋದಕ್ಕೆ ನಲವತ್ತು ದಿನ ಬೇಕು. ಭಾನುವಾರ ನಾಲ್ಕು ಕೋಟಿ ಜನ ನೋಡೋ ರೇಸಿದೆ."

"ಹಂಗಾರ ಭಾನುವಾರ ನೀರರ ಹೊಡಸ್ರಿ!" ಎಂದ ಜಂಬಯ್ಯ. "ನಿಮ್ಮ ಯಂತ್ರಕ್ಕ ತೋರಿಸಿದ ನೆಲಾನ ನಮ್ಮ ಮಂದಿಗೂ ಕೊಡ್ರಿ. ನಾಲ್ಕು ಟ್ಯಾಂಕರ್ರು. ಮುಗೀತು."

ಚಿರಂತನ್ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟ. ಆ ಗಳಿಗೆಯಲ್ಲಿ ಅವನು ಹೂಂ ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ನೀರು ಹೊಡೆಸಿದ್ರೆ, ಸರ್ವೇ ದಿನಾನೂ ಹೊಡೆದಿತ್ತಾ ಅಂತ ಕೇಳ್ತಾರೆ," ಎಂದ ಮೆಲ್ಲಗೆ. ಆಮೇಲೆ ದನಿ ಬದಲಾಯಿತು. "ನೋಡು, ನಿನ್ನ ಅಕ್ಕನ ತೂಕದ ಹುಡುಗೀರು ಪಟ್ಟಿಯಲ್ಲಿ ಇನ್ನೂ ಮೂವರಿದ್ದಾರೆ. ನೀನು ಎಲ್ಲಾದ್ರೂ ಬಾಯಿ ಬಿಟ್ರೆ ಮೊದಲು ಇಳಿಯೋಳು ಅವಳು. ಆಮೇಲೆ ಟ್ಯಾಂಕರಿನವನು. ಹೊರಡು."

ಜಂಬಯ್ಯ ಹೊರಟ. ಮೆಟ್ಟಿಲು ಇಳಿಯುತ್ತ ಗೋಡೆಗೆ ಗುದ್ದಿದ. ಗೋಡೆಗೆ ಏನೂ ಆಗಲಿಲ್ಲ.

•

"ಬ್ಯಾಡ ಅಕ್ಕ. ಹೊಟ್ಟಿ ನೋವು ಅಂತ ಮಲ್ಕೊ."

"ನಾನು ಮಲ್ಕೊಂಡ್ರ ಗಾಡಿ ಮಲ್ಕೊತೈತೇನು? ಇನ್ನೊಬ್ಬಾಕಿ ಕುಂದ್ರತಾಳ. ಆಕಿ ಪಾದ ಏನು ಕಬ್ಬಿಣದ್ದಾ?"

ಹುಲಿಗೆಮ್ಮ ಮಣಿಕಟ್ಟಿಗೆ ಪಟ್ಟಿ ಸುತ್ತುತ್ತಿದ್ದಳು. ಶನಿವಾರದ ಬಿಸಿಲು ಹೊಸ್ತಿಲ ತನಕ ಬಂದಿತ್ತು.

"ಮೂರು ವರ್ಷ ಸೌತಿಕಾಯಿ ತಿಂದೀನಿ ಜಂಬ್ಯಾ. ಟಿಪ್ಪರ್‌ನಾಗ ಇದ್ದಾಗ ಕ್ಲೀನರ್ ಸೈತ ನನ್ನ 'ಏ ಇವಳೆ' ಅಂತಿದ್ದ. ಈಗ ಊರು ಪೂರಾ ಹೆಸರು ಹಿಡದು ಕರಿತೈತಿ. ನಾನು ಇಳಿಯಂಗಿಲ್ಲ."

"ಹಂಗಾರ ಮುಂದಿನ ಎಳೆತ ಕೀಳ್ತೀನಿ. ನಾಲ್ಕಾ ಬೋಲ್ಟು. ಎಂಜಿನ್ನಿಂದ ಮುಂದಕ್ಕ ಹೋಗೋ ಉದ್ದನ ಕಡ್ಡಿ ಇಳಿಸಿಬಿಟ್ರ ಗೆಣ್ಣಿಗೆ ಭಾರಾನಾ ಬೀಳಂಗಿಲ್ಲ. ಬರೇ ಹಿಂದಿನ ಗಾಲಿ ದೂಡತಾವ."

"ಸೋಲ್ತೀನಿ."

"ಸೋಲ್ತಿ."

"ಕೊಳ್ಳದಾಗ ಹೂತು ನಿಂತ್ರ?"

"ಕಾಲು ತೆಗೀಬ್ಯಾಡ. ಎಡಕ್ಕ ಹಳೇ ಲಾರಿ ದಾರಿ ಐತಿ, ಕೆಳಗ ಗಟ್ಟಿ. ಅದನ್ನಾ ಹಿಡಿ."

ಅವಳು ಪಟ್ಟಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹರಿದಳು. "ಉಳಿದ ಹನ್ನೊಂದು?"

ಅವನು ಗುರುವಾರದಿಂದ ಹನ್ನೊಂದು ತಂಡಗಳ ಹತ್ತಿರವೂ ಹೋಗಿ ಬಂದಿದ್ದ. ಅಂಗಲಾಚಿದ್ದ, ಬೈದಿದ್ದ. 'ಮೇಷ್ಟ್ರು ಬಂದ್ರು, ಎದ್ದು ನಿಲ್ರಿ' ಎಂದು ಅವರು ಚಪ್ಪಾಳೆ ತಟ್ಟಿದ್ದರು. ಎರಡನೇ ನಂಬರಿನ ಚಾಲಕ ಇರ್ಷಾದ್ ಒಬ್ಬ ಮಾತ್ರ ಪೂರ್ತಿ ಕೇಳಿಸಿಕೊಂಡು, 'ಭೈಯಾ, ನಿನ್ನ ಮಾತು ಖರೆ ಇರಬಹುದು, ಆದ್ರ ನಮ್ಮ ಪಾನಾ ತಿರುಗಂಗಿಲ್ಲಲ್ಲ' ಎಂದಿದ್ದ.

ಪಾನಾ. ಅಲ್ಲಿಗೆ ಬಂದು ನಿಂತಿತು ಎಲ್ಲ. ಗುಡ್ಡದ ಯಾವ ಪಾನಾವೂ ಆ ನಾಲ್ಕು ಬೋಲ್ಟಿಗೆ ತಿರುಗುವುದಿಲ್ಲ.

ಗಾದಿಲಿಂಗ ಎರಡು ದಿನದಿಂದ ಮನೆಯಲ್ಲಿ ಯಾರ ಮುಖವನ್ನೂ ನೋಡಿರಲಿಲ್ಲ. ಈಗ ಎದ್ದು ಹೊರಗೆ ಹೋದ. ಟ್ಯಾಂಕರಿನ ಸೀಟಿನ ಅಡಿಯಿಂದ ಚಿಂದಿ ಸುತ್ತಿದ ಒಂದು ಹಳೆಯ ಪಾನಾ ತಂದು ಜಂಬಯ್ಯನ ಮುಂದೆ ಇಟ್ಟ. ತುಕ್ಕು ಹಿಡಿದ, ಬುದ್ಧಿ ಇಲ್ಲದ, ಬರೇ ಕಬ್ಬಿಣದ ಪಾನಾ.

"ವಾಲ್ವ್ ಬಿಗಿಯಾಕ ಇಟ್ಟಿದ್ದೆ," ಎಂದ. "ಹತ್ತೊಂಬತ್ತು ನಂಬರ್. ಆಗತೈತೇನು ನೋಡು."

•

ಪ್ರತಿನೆಲ ಬಂದರೂ ನಿಂಬೆಹಣ್ಣು ಹೋಗಿರಲಿಲ್ಲ. ಓಟಕ್ಕೆ ಮುಂಚೆ ಗಾಡಿಗೆ ಪೂಜೆ. ಕುಂಬಳಕಾಯಿ ಒಡೆಯಬೇಕು, ನಾಲ್ಕೂ ಗಾಲಿಯ ಕೆಳಗೆ ನಿಂಬೆಹಣ್ಣು ಇಡಬೇಕು. ತಪಾಸಣೆಯ ಅಧಿಕಾರಿಗಳೂ ಆಗ ಬೂಟು ಬಿಚ್ಚಿ ದೂರ ನಿಂತು ಕೈ ಮುಗಿಯುತ್ತಾರೆ. ಭಾನುವಾರ ಜಂಬಯ್ಯ ನಿಂಬೆಹಣ್ಣು ಇಡಲು ಗಾಡಿಯ ಕೆಳಗೆ ತೂರಿದವನು ಎಂಟು ನಿಮಿಷ ಹೊರಗೆ ಬರಲಿಲ್ಲ.

"ಏನಪ್ಪಾ, ನಿಂಬೆಹಣ್ಣಿನ ಗಿಡ ನೆಡ್ತಿದ್ದಾನಾ ಇವನು?" ಎಂದ ಒಬ್ಬ ಅಧಿಕಾರಿ.

"ಭಕ್ತಿ ಜಾಸ್ತಿ ಸರ್ ಅವನಿಗೆ," ಎಂದಳು ಹುಲಿಗೆಮ್ಮ, ಹೆಲ್ಮೆಟ್ಟಿನೊಳಗಿನಿಂದ.

ಮೊದಲ ಮೂರು ಬೋಲ್ಟು ಬಂದವು. ನಾಲ್ಕನೆಯದು ಕಚ್ಚಿಕೊಂಡಿತ್ತು. ಬೆನ್ನ ಮೇಲೆ ಮಲಗಿ, ಎರಡೂ ಕೈಯಲ್ಲಿ ಪಾನಾ ಹಿಡಿದು, ಚಿರಂತನ್ನಿಗೆ, ಯಂತ್ರಕ್ಕೆ, ಚಪ್ಪಾಳೆ ತಟ್ಟಿದವರಿಗೆ, ಎಲ್ಲರಿಗೂ ಬಾಯಿಗೆ ಬಂದದ್ದನ್ನು ಅನ್ನುತ್ತ ಒಂದು ಜಗ್ಗು ಜಗ್ಗಿದ. ಬೋಲ್ಟು ಕಿರ್ರೆಂದು ಸಡಿಲಿತು. ಉದ್ದನೆಯ ಕಡ್ಡಿ ಅವನ ಎದೆಯ ಮೇಲೆ ಬಿತ್ತು. ಅದನ್ನು ಅವನು ಕುಂಬಳಕಾಯಿಯ ಗೋಣಿಚೀಲಕ್ಕೆ ತೂರಿಸಿದ, ಗಾದಿಲಿಂಗ ಆ ಚೀಲವನ್ನು ಒಯ್ದು ಟ್ಯಾಂಕರಿಗೆ ಎಸೆದ.

ಹನ್ನೆರಡು ಗಾಡಿ ಹೊರಟವು. ಧೂಳು ಏಳಲಿ ಎಂದವರ ಆಸೆಯಂತೆ ಧೂಳು ಎದ್ದಿತು. ಗುಡ್ಡದ ಬದಿಯ ದೊಡ್ಡ ಪರದೆಯ ಕೆಳಗೆ ಜಂಬಯ್ಯ ನಿಂತಿದ್ದ. ಆರನೇ ನಂಬರು ಮೊದಲ ಏರಿನಲ್ಲೇ ಹಿಂದೆ ಬಿತ್ತು. ಒಳಗೆ ಕೊಠಡಿಯಲ್ಲಿ, ಆ ಗಾಡಿಯ ಮುಂದಿನ ಎಳೆತ ಸೊನ್ನೆ ಎಂದು ನಜ್ಮಾಳ ಪರದೆ ಮೊದಲ ನಿಮಿಷದಲ್ಲೇ ಕೆಂಪಾಗಿ ಮಿನುಗಿತಂತೆ. ಅವಳು ಆ ಕಿಟಕಿಯನ್ನು ಮುಚ್ಚಿ, ಬೇರೆ ಕಡೆ ನೋಡುತ್ತ ಕೂತಳು. ಚಿರಂತನ್‌ಗೆ ಅದು ಗೊತ್ತಾದದ್ದು ಇಪ್ಪತ್ತನೇ ಕಿಲೋಮೀಟರಿಗೆ.

ಅಷ್ಟರಲ್ಲಿ ಮುಂದಿನವು ಹಿಟ್ಟಿನ ಕೊಳ್ಳಕ್ಕೆ ಇಳಿದಿದ್ದವು.

ಮೊದಲನೆಯದು ದಾಟಿತು. ಜನ ಕೂಗಿದರು. ಎರಡನೇ ನಂಬರಿನ ಮುಂದಿನ ಬಲಗಾಲಿ ಹಿಟ್ಟಿನಲ್ಲಿ ಪೂರ್ತಿ ಜೋತು ಬಿತ್ತು, ಕೆಳಗಿನ ಬಂಡೆ ತಾಗಿತು, ಎಂಜಿನ್ನು ಗುಡುಗಿತು. ಬಂದೂಕು ಹಾರಿಸಿದಂಥ ಸದ್ದು. ಗಾಡಿ ಅಡ್ಡ ತಿರುಗಿ ನಿಂತಿತು. ಹಿಂದಿನದಕ್ಕೆ ಧೂಳಿನಲ್ಲಿ ಏನು ಕಾಣಬೇಕು? ಇನ್ನೊಂದು ಸದ್ದು. ಮತ್ತೊಂದು. ಜನ ಇನ್ನೂ ಕೂಗುತ್ತಲೇ ಇದ್ದರು, ಪಟಾಕಿ ಎಂದುಕೊಂಡರೋ ಏನೋ. ಐದನೆಯ ಸದ್ದಿಗೆ ಗುಡ್ಡ ತಣ್ಣಗಾಯಿತು. ಧೂಳಿನೊಳಗಿಂದ ಯಾರೋ ಒಬ್ಬ ಕಿರುಚುವುದು ರೇಡಿಯೊದಲ್ಲಿ ಕೇಳಿಸಿತು. ಅದು ಇರ್ಷಾದನ ದನಿ.

ಜಂಬಯ್ಯ ಕಣ್ಣು ಮುಚ್ಚಲಿಲ್ಲ. ಏಳು ಸದ್ದು ಎಣಿಸಿದ. ಆಮೇಲೆ ಧೂಳಿನ ಎಡ ಅಂಚಿನಲ್ಲಿ, ಹಳೇ ಲಾರಿ ದಾರಿಯ ಮೇಲೆ, ಹಳದಿ ಬಣ್ಣದ ಒಂದು ಗಾಡಿ ಹೊಟ್ಟೆಯ ತನಕ ಹಿಟ್ಟಿನಲ್ಲಿ ಈಜುತ್ತ ಬಂತು. ವಾಲಿತು, ನಿಂತೇಬಿಟ್ಟಿತು ಅನ್ನಿಸಿತು, ಹಿಂದಿನ ಗಾಲಿಗಳು ಕೆಂಪು ಕಾರಂಜಿ ಎರಚಿದವು. ಅಕ್ಕ ಕಾಲು ತೆಗೆಯಲಿಲ್ಲ. ಗಾಡಿ ಗಟ್ಟಿ ನೆಲ ಹತ್ತಿತು. ಹತ್ತಿದ ಮೇಲೆ ಅವಳು ಮಾಡಿದ್ದನ್ನು ನೋಡಿ ಅವನು ಬಾಯಿ ಬಿಟ್ಟು ಬೈದ: ಎಂಜಿನ್ನು ಆರಿಸಿ, ಹೆಲ್ಮೆಟ್ಟು ಎಸೆದು, ಅವಳು ಎರಡನೇ ನಂಬರಿನ ಕಡೆಗೆ ಹಿಂದಕ್ಕೆ ಓಡಿದಳು.

•

ಅವನು ಹಾರುಹೆಜ್ಜೆಯಲ್ಲಿ ಗುಡ್ಡ ಇಳಿದು ಕೊಳ್ಳದ ಅಂಚಿಗೆ ಬಂದಾಗ ಅವಳು ಮಣಿಕಟ್ಟಿನ ಪಟ್ಟಿ ಬಿಚ್ಚಿ ಇರ್ಷಾದನ ಕಾಲು ಬಿಗಿದು ಕಟ್ಟಿದ್ದಳು. ಪಾದದ ಜಾಗದಲ್ಲಿ ನೋಡುವಂಥದ್ದೇನೂ ಉಳಿದಿರಲಿಲ್ಲ. ಇರ್ಷಾದ್ ಅವನನ್ನು ಗುರುತು ಹಿಡಿದ. "ಭೈಯಾ, ನೀ ಹೇಳಿದ್ದಿ," ಎಂದ, ಅಷ್ಟೇ. ಜಂಬಯ್ಯನಿಗೆ ಆ ಮಾತು ಎದೆಗೆ ಒದ್ದ ಹಾಗಾಯಿತು. ಹೇಳಿದ್ದೆ. ಹೇಳಿ, ನನ್ನ ಅಕ್ಕನ ನಾಲ್ಕು ಬೋಲ್ಟು ಬಿಚ್ಚಿಕೊಂಡು ಸುಮ್ಮನಾದೆ. ಗಾಡಿಗಳ ಮುಂದೆ ಅಡ್ಡ ಮಲಗಬಹುದಿತ್ತು. ಮಲಗಲಿಲ್ಲ.

ಆಂಬುಲೆನ್ಸು ಹೋಯಿತು. ಅಷ್ಟರಲ್ಲಿ ಮೇಲಿನ ದಾರಿಯಲ್ಲಿ ಕಾರು ನಿಂತು ಚಿರಂತನ್ ಇಳಿದ. ಅವನ ಹಿಂದೆ ಟೀವಿಯವರು, ಕಂಪನಿಯವರು, ಹನ್ನೊಂದು ತಂಡದ ಜನ. ಇವತ್ತು ಯಾರ ಕೈಯೂ ತಟ್ಟುವ ಸ್ಥಿತಿಯಲ್ಲಿರಲಿಲ್ಲ. ನಜ್ಮಾಳೂ ಬಂದಿದ್ದಳು, ಎದೆಗೆ ಒಂದು ಕಡತ ಅವುಚಿಕೊಂಡು. ಶುಕ್ರವಾರದ ಆ ಸಾವಿರ ಓಟವನ್ನು ಅವಳು ಅಳಿಸಿರಲಿಲ್ಲ. ಬೆಳಿಗ್ಗೆಯೇ ಅದನ್ನು ರಾಜಧಾನಿಗೆ, ಸರ್ಕಾರಕ್ಕೆ ಕಳಿಸಿದ್ದಳು. ಚಿರಂತನ್‌ಗೆ ಅದು ಈಗ ತಿಳಿದಿತ್ತು. ತಿಳಿದದ್ದರಿಂದಲೇ ಅವನು ಇಳಿದು ಬಂದಿದ್ದ.

"ಸಂಜೆಯೊಳಗೆ ಯಂತ್ರದಲ್ಲಿ ಒಣ ನೆಲ ಹಾಕ್ತೀವಿ," ಎಂದು ಅವನು ಕ್ಯಾಮೆರಾಗಳಿಗೆ ಹೇಳುತ್ತಿದ್ದ. "ಯಂತ್ರ ತಪ್ಪು ಮಾಡಿಲ್ಲ. ಅದಕ್ಕೆ ಯಾರೋ ಸುಳ್ಳು ನೆಲ ತೋರಿಸಿದ್ದಾರೆ. ಸರ್ವೇ ದಿನ ಯಾರೋ ಬೇಜವಾಬ್ದಾರಿ ಮನುಷ್ಯ ಕೊಳ್ಳಕ್ಕೆ ನೀರು ಹೊಡೆದಿದ್ದಾನೆ." ಆಮೇಲೆ ಜಂಬಯ್ಯನ ಹೆಗಲಿನ ಮೇಲೆ ಕೈ ಇಟ್ಟ. ಮೈಕು ಜಂಬಯ್ಯನ ಬಾಯಿಯ ಹತ್ತಿರ ಬಂತು. "ಈ ಹುಡುಗನಿಗೆ ಗೊತ್ತು. ಇವನೇ ಮೊದಲು ಕಂಡುಹಿಡಿದವನು, ನಾನು ಒಪ್ಕೋತೀನಿ. ನಾಳೆಯಿಂದ ಇವನಿಗೆ ಕೊಠಡಿಯೊಳಗೆ ಕುರ್ಚಿ. ಮುಂದಿನ ಗಾಡಿಗೆ ಯಾವ ಅಚ್ಚು ಅಂತ ಇವನನ್ನ ಕೇಳಿಯೇ ಆರಿಸ್ತೀವಿ. ಹೇಳಪ್ಪಾ ಜಂಬಯ್ಯ. ನೀರು ಹೊಡೆದವನು ಯಾರು? ಹೆಸರು ಹೇಳು."

ಮೊದಲ ಸಲ ಆ ಬಾಯಲ್ಲಿ ಅವನ ಹೆಸರು ಬಂದಿತ್ತು.

ಜನರ ಹಿಂದೆ ಟ್ಯಾಂಕರಿನ ಪಕ್ಕದಲ್ಲಿ ಗಾದಿಲಿಂಗ ನಿಂತಿದ್ದ. ಓಡಿ ಹೋಗಿರಲಿಲ್ಲ. ಕರೆದರೆ ಬರುತ್ತೇನೆ ಎಂಬಂತೆ ತಲೆಯ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಫೋನಿನಲ್ಲಿ ಹೇಳಿದ ಮಾತಿಗೆ ಕಾಗದವಿರಲಿಲ್ಲ. ನಲ್ಲಿ ತಿರುಗಿಸಿದ ಕೈಗೆ ಊರೆಲ್ಲ ಸಾಕ್ಷಿ ಇತ್ತು. ನೀನೇ ಹೊಡೆಸಿದ್ದು ಎಂದು ಜಂಬಯ್ಯ ಅಂದರೆ, ಯಾರ ಕೈಯಲ್ಲಿ ಎಂದು ಇದೇ ಮೈಕು ಕೇಳುತ್ತದೆ. ಮೂರು ದಿನ ಅವನು ಗಂಟಲು ಹರಿಯುವ ಹಾಗೆ ಕೂಗಿದ್ದ, ಆಗ ಇವರಿಗೆ ಕಿವಿ ಇರಲಿಲ್ಲ. ಈಗ ಏಳು ಗಾಡಿ ಮುರಿದ ಮೇಲೆ, ಒಬ್ಬನ ಪಾದ ಹೋದ ಮೇಲೆ, ಇವರಿಗೆ ಬೇಕಾಗಿರುವುದು ಒಂದು ಸಣ್ಣ ಹೆಸರು.

"ಹೇಳು, ಹೆದರಬೇಡ," ಎಂದ ಚಿರಂತನ್. ಹೆಗಲ ಮೇಲಿನ ಬೆರಳುಗಳು ಒತ್ತಿದವು.

ಜಂಬಯ್ಯ ಅವನ ಮುಖವನ್ನು ನೋಡಿದ. ಎಷ್ಟು ಹೊತ್ತು ನೋಡಿದನೆಂದರೆ ಮೈಕು ಹಿಡಿದಿದ್ದ ಹುಡುಗಿಯ ಕೈ ನೊಂದು ಕೆಳಗಿಳಿಯಿತು. ಆಮೇಲೆ ಆ ಬೆರಳುಗಳನ್ನು ಒಂದೊಂದಾಗಿ ಹೆಗಲಿನಿಂದ ಬಿಡಿಸಿದ. ಕೊಳ್ಳದಲ್ಲಿ ಜನ 'ಎಳೀರಲೇ' ಎಂದು ಕೂಗುತ್ತ ಮುರಿದ ಗಾಡಿಗಳಿಗೆ ಹಗ್ಗ ಕಟ್ಟುತ್ತಿದ್ದರು. ಹುಲಿಗೆಮ್ಮ, ಬೂಟು ಹಿಟ್ಟಿನಲ್ಲೇ ಹೂತುಹೋಗಿ, ಬರಿಗಾಲಿನಲ್ಲಿ ಮುಂದೆ ನಿಂತು ಹಗ್ಗದ ತುದಿ ಹಿಡಿದಿದ್ದಳು. ಅವನು ಮೈಕಿಗೆ ಬೆನ್ನು ಮಾಡಿ ಅತ್ತ ಇಳಿದ. ಮೊಣಕಾಲಿನ ತನಕ ಹಿಟ್ಟು ಬಂತು.

"ಏಯ್! ನಿನ್ನನ್ನೇ ಕೇಳ್ತಿರೋದು!"

ಅವನು ನಡೆಯುತ್ತಲೇ ಇದ್ದ.